ಅಟ್ಟದಿಂದ ಹರಾಜಿಗೆ ಬಂದ ಶ್ರೀರಂಗಪಟ್ಟಣದ ಕೋವಿ: ಒಂದು ಪ್ರಕರಣ ಅಧ್ಯಯನ

2019ರ ಮಾರ್ಚ್ ತಿಂಗಳ ಕೊನೆಯಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತ್ಯದ ಆ್ಯಂಟನಿ ಕ್ರಿಬ್ ಎಂಬ ಹರಾಜು ಸಂಸ್ಥೆಯು ಒಂದೇ ಮನೆಯಿಂದ ಬಂದ ಎಂಟು ವಸ್ತುಗಳನ್ನು ಮಾರಾಟಕ್ಕೆ ಇಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬಾತನು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅವನ್ನು ತನ್ನ ದೇಶಕ್ಕೆ ಒಯ್ದಿದ್ದನು. ತಲೆಮಾರಿನಿಂದ ತಲೆಮಾರಿಗೆ ಕೈದಾಟಿ ಬಂದ ಆ ವಸ್ತುಗಳು ಕಡೆಗೆ ಅಟ್ಟದ ಮೇಲೆ, ಸುದ್ದಿಪತ್ರಿಕೆಯ ಹಾಳೆಗಳಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಮನೆಯವರ ಕಣ್ಣಿಗೆ ಬಿದ್ದವು. ಕತ್ತಿಗಳು, ಅಡಿಕೆ ಇಡುವ ಒಂದು ಕರಡಿಗೆ, ಮುದ್ರೆಯುಂಗುರ ಮುಂತಾದವುಗಳ ನಡುವೆ ಬೆಳ್ಳಿಯ ಕಟ್ಟುಗಳುಳ್ಳ, 20 ಬೋರಿನ (ಬೋರು ಎಂದರೆ ನಳಿಗೆಯ ಅಗಲದ ಅಳತೆ) ಒಂದು ಚಕಮಕಿ ಕೋವಿ ಇತ್ತು. ಅದರ ಜೊತೆಗೆ ಅದರದೇ ಬಯೋನೆಟ್, ಎಂದರೆ ಕೋವಿಯ ತುದಿಗೆ ಸಿಕ್ಕಿಸುವ ಚೂರಿ, ಇತ್ತು. ಟಿಪ್ಪು ಸುಲ್ತಾನನ ಸ್ವಂತ ಆಯುಧಾಗಾರಕ್ಕೆ ಸೇರಿದ್ದೆಂದು ಸಂಸ್ಥೆಯು ಗುರುತಿಸಿದ ಈ ಕೋವಿಗೆ 14 ಬಾರಿ ಬೆಲೆ ಕೂಗಲಾಯಿತು. ಕೊನೆಗೆ ಅದು 60,000 ಪೌಂಡಿಗೆ, ಎಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 54 ಲಕ್ಷ ರೂಪಾಯಿಗೆ, ಮಾರಾಟವಾಯಿತು. ಹೈದರಾಲಿಯದೆಂದು ನಂಬಲಾದ ಚಿನ್ನದ ಕುಸುರಿಯ ಕತ್ತಿಯೊಂದು 58 ಕೂಗುಗಳ ನಂತರ 18,500 ಪೌಂಡಿಗೆ ಹೋಯಿತು. ಎಂಟೂ ವಸ್ತುಗಳಿಂದ ಒಟ್ಟು ಬಂದದ್ದು 1,07,000 ಪೌಂಡು.

ಹಳೆಯ ಕೋವಿಗಳನ್ನು ಸಂಗ್ರಹಿಸುವ ಹವ್ಯಾಸವುಳ್ಳವರಿಗೆ ಈ ಮಾರಾಟವು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಇದಕ್ಕೆ ನಾಲ್ಕು ವರ್ಷ ಮೊದಲು, 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯ ಹರಾಜಿನಲ್ಲಿ ಟಿಪ್ಪುವಿನದೇ ಇನ್ನೊಂದು ಬೆಳ್ಳಿಕಟ್ಟಿನ ಬೇಟೆ ಕೋವಿಯು ಏಳು ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಗಿತ್ತು. ಹಾರ್ಟ್ ಮನೆತನದ ಮಾರಾಟವಾದ ನಾಲ್ಕು ವರ್ಷಗಳ ನಂತರ, 2023ರಲ್ಲಿ, ಟಿಪ್ಪುವಿಗಾಗಿ ಮಾಡಿದ ಮತ್ತೊಂದು ಚಕಮಕಿ ಬೇಟೆ ಕೋವಿಯು ಬ್ರಿಟನ್ನಿನಿಂದ ಹೊರಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿದಾಗ, ಅದರ ಬೆಲೆಯನ್ನು 20 ಲಕ್ಷ ಪೌಂಡು ಎಂದು ನಿಗದಿಪಡಿಸಲಾಗಿತ್ತು. ಮೂರೂ ಒಬ್ಬನೇ ಅರಸನ ಹೆಸರಿಗೆ ಸೇರಿದವು, ಮೂರೂ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವಂಥವು. ಆದರೂ ಒಂದರ ಬೆಲೆ ಇನ್ನೊಂದರ ಮೂವತ್ತು ಪಾಲಿಗಿಂತ ಹೆಚ್ಚು. ಈ ಅಂತರವು ಹರಾಜು ಕೋಣೆಯ ಆವೇಶದಿಂದ ಮಾತ್ರ ಹುಟ್ಟಿದ್ದಲ್ಲ. ಕೋವಿಯ ಮೈಮೇಲಿನ ಗುರುತು, ಅದರ ಸ್ಥಿತಿ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇವು ಮೂರೂ ಕೂಡಿ ಒಂದು ಹಳೆಯ ಆಯುಧದ ಯೋಗ್ಯತೆಯನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ಹಾರ್ಟ್ ಮನೆತನದ ಕೋವಿಯು ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಅದಕ್ಕಾಗಿಯೇ ಈ ಪ್ರಕರಣವನ್ನು ಇಲ್ಲಿ ವಿವರವಾಗಿ ಪರಿಶೀಲಿಸಿದ್ದೇನೆ.

ಕೋವಿಯ ರಚನೆ

ಚಕಮಕಿ ಕೋವಿಯ ಕೆಲಸವನ್ನು ತಿಳಿಯದೆ ಅದರ ಮೌಲ್ಯವನ್ನು ತೂಗಲಾಗದು. ನಳಿಗೆಯ ಬಾಯಿಂದ ಮೊದಲು ಕರಿಮದ್ದನ್ನು, ಅದರ ಮೇಲೆ ಸೀಸದ ಗುಂಡನ್ನು ಹಾಕಿ, ಗಜವೆಂಬ ಉದ್ದನೆಯ ಕಡ್ಡಿಯಿಂದ ಕೆಳಕ್ಕೆ ಜಡಿಯುತ್ತಾರೆ. ನಳಿಗೆಯ ಬುಡದಲ್ಲಿ, ಹೊರಗಡೆಗೆ, ಒಂದು ಚಿಕ್ಕ ಬಟ್ಟಲಿರುತ್ತದೆ. ಅದರಲ್ಲಿ ಚಿಟಿಕೆಯಷ್ಟು ನುಣುಪಾದ ಮದ್ದನ್ನು ಹಾಕಿ ಮುಚ್ಚುತ್ತಾರೆ. ಕುದುರೆಯನ್ನು ಎಳೆದಾಗ, ದವಡೆಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುವ ಸುತ್ತಿಗೆಯು ಮುಂದಕ್ಕೆ ಬಿದ್ದು ಉಕ್ಕಿನ ಫಲಕವನ್ನು ಕೆರೆಯುತ್ತದೆ. ಆ ಪೆಟ್ಟಿಗೆ ಬಟ್ಟಲಿನ ಮುಚ್ಚಳ ತೆರೆದುಕೊಳ್ಳುತ್ತದೆ, ಕಿಡಿ ಮದ್ದಿನ ಮೇಲೆ ಬೀಳುತ್ತದೆ, ಅದರ ಉರಿ ನಳಿಗೆಯ ಪಕ್ಕದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಗಲುತ್ತದೆ. ಮಳೆ ಬಂದರೆ, ಗಾಳಿ ಬೀಸಿದರೆ, ಕಲ್ಲು ಮೊಂಡಾದರೆ ಈ ಸರಪಳಿ ಎಲ್ಲಿಯಾದರೂ ಕಡಿಯಬಹುದು.

ಬೋರು ಎಂಬ ಅಳತೆಯೂ ಆ ಕಾಲದ್ದೇ. ಒಂದು ಪೌಂಡು ಸೀಸದಿಂದ ಎರಕ ಹೊಯ್ದ, ನಳಿಗೆಗೆ ಸರಿಹೊಂದುವ ಗುಂಡುಗಳ ಸಂಖ್ಯೆಯೇ ಬೋರು. ಆದ್ದರಿಂದ 20 ಬೋರಿನ ಕೋವಿಯಲ್ಲಿ ಪೌಂಡಿಗೆ ಇಪ್ಪತ್ತು ಗುಂಡುಗಳು ಬರುತ್ತವೆ. ನಳಿಗೆಯ ಒಳವ್ಯಾಸ ಹದಿನೈದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಸಂಖ್ಯೆ ಕಡಿಮೆಯಾದಷ್ಟೂ ನಳಿಗೆ ದೊಡ್ಡದು. ಸಂಗ್ರಾಹಕರು ಕೋವಿಯನ್ನು ಕೈಗೆತ್ತಿಕೊಂಡ ಕೂಡಲೇ ಬೋರು ಅಳೆಯುವುದಕ್ಕೆ ಕಾರಣವಿದೆ: ಸಾಮಾನ್ಯ ಸಿಪಾಯಿಯ ಮಸ್ಕೆಟ್ಟು ಸುಮಾರು 11 ಬೋರಿನ ದಪ್ಪ ನಳಿಗೆಯದಾಗಿರುತ್ತಿತ್ತು, ಹಗುರವಾದ, ತೆಳುವಾದ, ಬೆಳ್ಳಿಯ ಅಲಂಕಾರವುಳ್ಳ 20 ಬೋರಿನ ಕೋವಿಯು ಪಡೆಯ ಸಿಪಾಯಿಗಾಗಿ ಮಾಡಿದ್ದಲ್ಲ, ದೊಡ್ಡವರ ಕೈಗಾಗಿ ಮಾಡಿದ್ದು.

ಶ್ರೀರಂಗಪಟ್ಟಣದ ಕೋವಿಗಳಲ್ಲಿ ಎದ್ದು ಕಾಣುವುದು ಹುಲಿ. ಟಿಪ್ಪು ತನ್ನ ಸಿಂಹಾಸನದಿಂದ ಹಿಡಿದು ಸೈನಿಕರ ಅಂಗಿಯವರೆಗೆ ಎಲ್ಲದರ ಮೇಲೂ ಹಾಕಿಸಿದ ಹುಲಿಪಟ್ಟೆ, ಎಂದರೆ 'ಬಬ್ರಿ', ನಳಿಗೆಯ ಮೇಲೂ ಲೋಹದ ಕಟ್ಟುಗಳ ಮೇಲೂ ಮತ್ತೆ ಮತ್ತೆ ಬರುತ್ತದೆ. ಕೆಲವು ಕೋವಿಗಳಲ್ಲಿ ಸುತ್ತಿಗೆಯೇ ಹುಲಿಯ ಆಕಾರದ್ದಾಗಿರುತ್ತದೆ. ಆಕಾರದಲ್ಲಿ ಇವು ಯುರೋಪಿನ ಬೇಟೆ ಕೋವಿಗಳನ್ನು ಹೋಲುತ್ತವೆ. ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಮೂವರು ರಾಯಭಾರಿಗಳನ್ನು ಕಳುಹಿಸಿ ಅಲ್ಲಿಂದ ಕುಶಲಕರ್ಮಿಗಳನ್ನು ಕರೆಸಿಕೊಳ್ಳಲು ಯತ್ನಿಸಿದ್ದುದು ಇದಕ್ಕೆ ಹಿನ್ನೆಲೆಯಾಗಿದೆ. ಆದರೆ ಇವನ್ನು ಯುರೋಪಿನ ಮಾದರಿಯ ನಕಲು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. 2015ರಲ್ಲಿ ಮಾರಾಟವಾದ ಕೋವಿಯನ್ನೇ ನೋಡಬಹುದು: ಅದು ಒಂದೇ ನಳಿಗೆಯಲ್ಲಿ ಒಂದರ ಮೇಲೊಂದು ಎರಡು ಈಡುಗಳನ್ನು (ಈಡು ಎಂದರೆ ಒಂದು ಸಲ ಹಾರಿಸಲು ಬೇಕಾದ ಮದ್ದು ಮತ್ತು ಗುಂಡು) ತುಂಬಿ, ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಹಾರಿಸುವ ರಚನೆಯುಳ್ಳದ್ದು. ಮೇಲಿನ ಈಡು ಸಿಡಿದಾಗ ಅದರ ಉರಿ ಕೆಳಗಿನದಕ್ಕೆ ಇಳಿಯದಂತೆ ನೋಡಿಕೊಳ್ಳುವುದೇ ಇದರ ದೊಡ್ಡ ಕಷ್ಟ. ಗುಂಡು ನಳಿಗೆಗೆ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕೂರಬೇಕು. ಅಂಥ ನಳಿಗೆಯನ್ನು ಕೊರೆದ ಕೈಗಳು ಕಾವೇರಿಯ ದಡದಲ್ಲಿದ್ದವು ಎಂಬುದನ್ನು ನಾವು ಹೆಮ್ಮೆಯಿಂದಲೇ ನೆನೆಯಬೇಕು.

ಗುರುತುಗಳನ್ನು ಓದುವುದು

ಟಿಪ್ಪುವಿನ ಹೆಸರು ಹೇಳಿಕೊಂಡು ಬರುವ ವಸ್ತುಗಳೆಲ್ಲವೂ ಅವನವಲ್ಲ. ಅವನ ಸಾವಿನ ಸುದ್ದಿಯೇ ಇಂಗ್ಲೆಂಡಿನಲ್ಲಿ ದೊಡ್ಡ ಸಂಭ್ರಮವನ್ನು ಹುಟ್ಟಿಸಿದ್ದರಿಂದ, ಅಂದಿನಿಂದಲೇ ಅವನ ವಸ್ತುಗಳಿಗೆ ಬೇಡಿಕೆಯಿತ್ತು. ಬೇಡಿಕೆಯಿದ್ದ ಕಡೆ ಕೃತಕ ವಸ್ತುಗಳೂ ಹುಟ್ಟಿಕೊಳ್ಳುತ್ತವೆ. ಒಂದು ಕೋವಿಯ ನಳಿಗೆಗೆ ಇನ್ನೊಂದರ ಮರವನ್ನೂ ಮತ್ತೊಂದರ ಕಿಡಿಯಂತ್ರವನ್ನೂ ಜೋಡಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ಪಿಡುಗು. ಆದ್ದರಿಂದ ಅನುಭವಿ ಸಂಗ್ರಾಹಕರು ಮೊದಲು ನೋಡುವುದು ಅಲಂಕಾರವನ್ನಲ್ಲ, ಅಕ್ಷರವನ್ನು.

ಅಕ್ಷರಗಳು ಪಾರಸಿಯಲ್ಲಿರುತ್ತವೆ: ಮಾಡಿದವನ ಹೆಸರು, 'ಪಟ್ಟಣ' ಎಂಬ ಸ್ಥಳನಾಮ, ಕಾಲ. ಕಾಲವನ್ನು ಓದುವಲ್ಲಿಯೇ ಹೊಸಬರು ಎಡವುತ್ತಾರೆ. ಟಿಪ್ಪು ಮಾಮೂಲಿ ಹಿಜರಿ ಶಕೆಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದಿದ್ದನು. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದನು. ಅಂಕಿಗಳನ್ನು ಎಡದಿಂದ ಓದುವುದು ಎಲ್ಲ ಕಡೆಯ ರೂಢಿಯಾದ್ದರಿಂದ, ಈ ಒಂದು ವಿಷಯ ತಿಳಿಯದವರ ಲೆಕ್ಕ ಪೂರಾ ತಪ್ಪುತ್ತದೆ. ಇನ್ನೂ ಒಂದು ಸಂಗತಿ ನಮ್ಮ ಓದುಗರಿಗೆ ಹತ್ತಿರವಾದದ್ದು. ಈ ಪಂಚಾಂಗವು ಇಲ್ಲಿನ ಚಾಂದ್ರಮಾನ ಪದ್ಧತಿಯನ್ನೇ ಅನುಸರಿಸಿ, ಅಧಿಕಮಾಸವನ್ನು ಇಟ್ಟುಕೊಂಡು, ಪ್ರಭವ ವಿಭವಗಳಂತೆಯೇ ಅರವತ್ತು ವರ್ಷಗಳ ಚಕ್ರದಲ್ಲಿ ಒಂದೊಂದು ವರ್ಷಕ್ಕೂ ಬೇರೆ ಬೇರೆ ಹೆಸರನ್ನು ಕೊಟ್ಟಿತ್ತು. ಆದ್ದರಿಂದ ಶ್ರೀರಂಗಪಟ್ಟಣದ ಕೋವಿಯ ಮೇಲಿನ ವರ್ಷವನ್ನು ಸರಿಯಾಗಿ ಕೂಡಿಸಲು ಯುಗಾದಿಯಿಂದ ವರ್ಷ ಎಣಿಸುವ ಮನೆಯಲ್ಲಿ ಬೆಳೆದವರಿಗೆ ಲಂಡನ್ನಿನ ತಜ್ಞನಿಗಿಂತ ಸುಲಭವಾಗಬೇಕು.

ಈ ಗುರುತುಗಳನ್ನೆಲ್ಲ ಮೊದಲಿಗೆ ಒಂದೆಡೆ ಕೂಡಿಸಿ, ಎಲ್ಲೆಲ್ಲಿಯ ಸಂಗ್ರಹಗಳಲ್ಲಿ ಟಿಪ್ಪುವಿನ ಯಾವ ಕೋವಿಗಳಿವೆ ಎಂದು ಸಮೀಕ್ಷೆ ಮಾಡಿ ಪಟ್ಟಿ ಬರೆದವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ರಾಬಿನ್ ವಿಗಿಂಗ್‌ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ. 1783ರಿಂದ 1799ರವರೆಗಿನ ಟಿಪ್ಪುವಿನ ಕೋವಿಗಳನ್ನು ಕುರಿತ ಅವನ ಪುಸ್ತಕ 1992ರಲ್ಲಿ ಹೊರಬಂದಿತು. ಅವನ ಸ್ವಂತ ಸಂಗ್ರಹವು 2005ರ ಮೇ 25ರಂದು ಸದಬೀಸ್ ಸಂಸ್ಥೆಯಲ್ಲಿ ಹರಾಜಾಯಿತು. ಇಂದು ಯಾವ ಹರಾಜು ಸಂಸ್ಥೆಯೇ ಆಗಲಿ ಟಿಪ್ಪುವಿನ ಕೋವಿಯನ್ನು ವರ್ಣಿಸುವಾಗ ಆ ಪಟ್ಟಿಯ ಆಸರೆಯಿಲ್ಲದೆ ಮುಂದುವರಿಯುವುದು ಕಷ್ಟ. ಆಯುಧ ಸಂಗ್ರಹವೆಂದರೆ ಹಣವಂತರ ಚಪಲ ಎಂದು ಬಗೆಯುವವರು ಈ ಉದಾಹರಣೆಯನ್ನು ಗಮನಿಸಬೇಕು. ಕೊಳ್ಳುವವನು ಓದುವವನೂ ಬರೆಯುವವನೂ ಆದಾಗ ಹವ್ಯಾಸದಿಂದ ವಿದ್ಯೆ ಹುಟ್ಟುತ್ತದೆ. ನಮ್ಮ ನಾಡಿನ ಕುಶಲಕರ್ಮಿಗಳ ಹೆಸರುಗಳನ್ನು ನಾವು ಇಂದು ತಿಳಿಯುತ್ತಿರುವುದು ಹೀಗೆ ದೂರದ ದೇಶದ ಒಬ್ಬನ ಆಸ್ಥೆಯಿಂದ ಎಂಬುದು ನನಗೆ ಒಂದೇ ಸಮಯದಲ್ಲಿ ಕೃತಜ್ಞತೆಯನ್ನೂ ನೋವನ್ನೂ ತರುತ್ತದೆ.

ಕೋಟೆಯಿಂದ ಅಟ್ಟಕ್ಕೆ

1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸನ ಸೇನೆ ಶ್ರೀರಂಗಪಟ್ಟಣದ ಕೋಟೆಯ ಒಡಕಿನಿಂದ ಒಳನುಗ್ಗಿತು. ಆ ದಿನದ ಕಥನಗಳು ಒಂದು ವಿಷಯದಲ್ಲಿ ನಮ್ಮ ಪ್ರಕರಣಕ್ಕೆ ನೇರವಾಗಿ ಸಂಬಂಧಿಸುತ್ತವೆ: ಟಿಪ್ಪು ಕೋಟೆಯ ಗೋಡೆಯ ಬಳಿ ನಿಂತು, ಸೇವಕರು ತುಂಬಿ ತುಂಬಿ ಕೊಡುತ್ತಿದ್ದ ತನ್ನ ಬೇಟೆ ಕೋವಿಗಳಿಂದ ಮುನ್ನುಗ್ಗುತ್ತಿದ್ದವರ ಮೇಲೆ ಹಲವು ಸಲ ಗುಂಡು ಹಾರಿಸಿದನೆಂದು ಅವು ಹೇಳುತ್ತವೆ. ಅದೇ ಸಂಜೆ ಅವನು ಹತನಾದನು. ಅಂದು ರಾತ್ರಿಯಿಡೀ ಪಟ್ಟಣದಲ್ಲಿ ಲೂಟಿ ನಡೆಯಿತು. ಮರುದಿನ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯು ಕಟ್ಟುನಿಟ್ಟಿನಿಂದ ಅದನ್ನು ಅಡಗಿಸಿದನು. ನಂತರ ಅರಮನೆಯ ಸಂಪತ್ತನ್ನು ಪಟ್ಟಿಮಾಡಿ, ಬೆಲೆ ಕಟ್ಟಿ, ಪದವಿಗೆ ತಕ್ಕಂತೆ ಸೇನೆಯವರಿಗೆ ಹಂಚುವ ಕೆಲಸವನ್ನು ಅದಕ್ಕೆಂದೇ ನೇಮಿಸಿದ ಸಮಿತಿಯು ಕೈಗೊಂಡಿತು. ಹಂಚಿಕೆಯಾದ ಸಂಪತ್ತಿನ ಮೊತ್ತ ಹನ್ನೊಂದು ಲಕ್ಷ ಪೌಂಡಿಗೂ ಮೀರಿತ್ತು. ಸೇನಾಪತಿಯ ಪಾಲೇ ಎಂಟರಲ್ಲಿ ಒಂದು.

ಹೀಗಾಗಿ ಶ್ರೀರಂಗಪಟ್ಟಣದಿಂದ ಹೊರಟ ಕೋವಿಗಳಿಗೆ ಮೂರು ದಾರಿಗಳಿದ್ದವು. ಕೆಲವು ರಾಜಮನೆತನಕ್ಕೂ ಗವರ್ನರ್‌ಗಳಿಗೂ ಕಾಣಿಕೆಯಾಗಿ ಹೋದವು; ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆತನದ ಪೊವಿಸ್ ಕೋಟೆಯಲ್ಲಿಯೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿಯೂ ಟಿಪ್ಪುವಿನ ವಸ್ತುಗಳು ಇಂದಿಗೂ ಇವೆ. ಕೆಲವನ್ನು ಅಧಿಕಾರಿಗಳು ಸಮಿತಿಯ ಮಾರಾಟದಲ್ಲಿ ಕೊಂಡರು. ಉಳಿದವು ಆ ರಾತ್ರಿ ಯಾರ ಕೈಗೆ ಸಿಕ್ಕವೋ ಅವರವಾದವು. ಮೊದಲೆರಡು ದಾರಿಗಳಲ್ಲಿ ಹೋದ ವಸ್ತುವಿಗೆ ಒಂದಾದರೂ ಕಾಗದ ಉಳಿದಿರುವ ಸಂಭವವಿದೆ, ಮೂರನೆಯದಕ್ಕೆ ಇಲ್ಲ. ಹಾರ್ಟ್ ಮನೆತನದ ಕೋವಿಗೆ ಬಲ ಕೊಟ್ಟದ್ದು ಅದು ಒಂದೇ ವಂಶದಲ್ಲಿ ಮುರಿಯದೆ ಉಳಿದುಬಂದಿತೆಂಬ ಸಂಗತಿ. ಇನ್ನೂರು ವರ್ಷಗಳಲ್ಲಿ ಅದು ಅಂಗಡಿಗೆ ಹೋಗಿಲ್ಲ, ರಿಪೇರಿಗೆ ಹೋಗಿಲ್ಲ, ಬೇರೆಯವರ ಕೈ ಸೇರಿಲ್ಲ ಎಂದರೆ ಮೇಲೆ ಹೇಳಿದ ಜೋಡಣೆಯ ಮೋಸಕ್ಕೆ ಅವಕಾಶವೇ ಇರಲಿಲ್ಲ ಎಂದರ್ಥ. ಕಿಡಿಯಂತ್ರವು ಮೂಲದಲ್ಲಿದ್ದಂತೆ ಚಕಮಕಿಯದಾಗಿಯೇ ಉಳಿದದ್ದೂ ಇದನ್ನು ಪುಷ್ಟೀಕರಿಸುತ್ತದೆ. 1820ರ ನಂತರ ತಾಮ್ರದ ಕೇಪು, ಎಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಉರಿ ತಗಲಿಸುವ ಪುಟ್ಟ ಟೊಪ್ಪಿಗೆ, ಬಳಕೆಗೆ ಬಂದಾಗ, ಉಪಯೋಗದಲ್ಲಿದ್ದ ಚಕಮಕಿ ಕೋವಿಗಳನ್ನು ಲೆಕ್ಕವಿಲ್ಲದಷ್ಟು ಜನ ಕೇಪಿನ ಕೋವಿಗಳಾಗಿ ಮಾರ್ಪಡಿಸಿಕೊಂಡರು. ಮಾರ್ಪಡದ ಕೋವಿಯೆಂದರೆ ಅದಕ್ಕೂ ಮೊದಲೇ ನೆನಪಿನ ವಸ್ತುವಾಗಿ ಬದಿಗಿಟ್ಟದ್ದು.

ಹಾನಿಯ ಗುರುತು

ಈ ಕೋವಿಯ ವೈಶಿಷ್ಟ್ಯ ಅದರ ಎಡಮಗ್ಗುಲಿನಲ್ಲಿದೆ. ಅಲ್ಲಿ ಮಸ್ಕೆಟ್ಟಿನ ಗುಂಡು ಬಡಿದಂಥ ಹಾನಿಯಿದೆ. ಟಿಪ್ಪುವಿನ ಕೋವಿಗಳೆಂದು ಈವರೆಗೆ ಮಾರುಕಟ್ಟೆಗೆ ಬಂದವು ಬಹುಪಾಲು ಆಯುಧಾಗಾರದಿಂದ ಎತ್ತಿಕೊಂಡು ಹೋದ, ಯುದ್ಧ ಕಾಣದ, ಹೊಳೆಯುವ ವಸ್ತುಗಳು. ಇದು ಹಾಗಲ್ಲ, ರಣಭೂಮಿಯಲ್ಲಿ ಪೆಟ್ಟು ತಿಂದದ್ದು ಎಂದು ಹರಾಜು ಸಂಸ್ಥೆ ವಾದಿಸಿತು, ಟಿಪ್ಪುವಿನ ಕೊನೆಯ ಹೋರಾಟದಲ್ಲಿ ಅವನ ಕೈಯಲ್ಲಿದ್ದ ಕೋವಿ ಇದೇ ಆಗಿರಬಹುದೆಂಬ ಊಹೆಯೂ ಅಲ್ಲಿಂದಲೇ ಹುಟ್ಟಿತು.

ಈ ಊಹೆಯನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು? ಟಿಪ್ಪು ಆ ದಿನ ಬೇಟೆ ಕೋವಿಗಳನ್ನು ಬಳಸಿದನೆಂಬುದು ಕಥನಗಳಲ್ಲಿದೆ. ಕೋವಿಗೆ ಪೆಟ್ಟಾಗಿರುವುದು ಕಣ್ಣಿಗೆ ಕಾಣುತ್ತದೆ. ಹಾರ್ಟ್ ಅದನ್ನು ಅಲ್ಲಿಂದ ತಂದನೆಂಬುದು ಮನೆತನದ ಪರಂಪರೆ. ಈ ಮೂರೂ ಒಂದೇ ದಿಕ್ಕಿನತ್ತ ಕೈ ತೋರಿಸುತ್ತವೆ. ಆದರೆ ಮೂರನ್ನೂ ಒಂದೇ ಗಂಟಿಗೆ ಕಟ್ಟುವ ಬರಹ ಬೇಕು: ಅದನ್ನು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾರಿಂದ ಪಡೆದೆನೆಂದು ಹಾರ್ಟ್ ಬರೆದ ಒಂದು ಸಾಲು. ಅರಸನ ಬಳಿ ಬೇಟೆ ಕೋವಿಗಳು ಹಲವಾರು ಇದ್ದವು. ಅವನ್ನು ಹಿಡಿದುಕೊಂಡಿದ್ದ ಸೇವಕರೂ ಇದ್ದರು. ಪಟ್ಟಣದ ಮೇಲೆ ಏಪ್ರಿಲಿನಿಂದಲೇ ಗುಂಡಿನ ಮಳೆ ಸುರಿಯುತ್ತಿತ್ತು. ಹಾನಿಯೊಂದೇ ವ್ಯಕ್ತಿಯನ್ನು ಗುರುತಿಸಲಾರದು. ಆದ್ದರಿಂದ 'ಶ್ರೀರಂಗಪಟ್ಟಣದ ರಾಜಯೋಗ್ಯ ಕೋವಿ, ಯುದ್ಧದ ಹಾನಿಯುಳ್ಳದ್ದು' ಎಂಬಲ್ಲಿಯವರೆಗೆ ನಿಸ್ಸಂಶಯವಾಗಿ ಹೋಗಬಹುದು. 'ಟಿಪ್ಪುವಿನ ಕಡೆಯ ಕೋವಿ' ಎಂಬ ಮಾತಿಗೆ ಆಧಾರ ಸಾಲದು ಎಂಬುದು ನನ್ನ ತೀರ್ಮಾನ. ಕೊಂಡವರು ತೆತ್ತ ಬೆಲೆಯೂ ಇದನ್ನೇ ಹೇಳುತ್ತದೆಂದು ನನಗೆ ತೋರುತ್ತದೆ. ಕಡೆಯ ಕೋವಿಯೆಂಬುದಕ್ಕೆ ಗಟ್ಟಿಯಾದ ದಾಖಲೆಯಿದ್ದಿದ್ದರೆ 60,000 ಪೌಂಡಿಗೆ ಸುತ್ತಿಗೆ ಬೀಳುತ್ತಿರಲಿಲ್ಲ.

2023ರ ಕೋವಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಅದು ಸುಮಾರು 138 ಸೆಂಟಿಮೀಟರ್ ಉದ್ದದ, ಬೇಟೆಗಾಗಿ ಮಾಡಿದ ಕೋವಿ. ಮಾಡಿದವನ ಹೆಸರಿದೆ, ಅಸದ್ ಖಾನ್ ಮುಹಮ್ಮದ್, ಕಾಲವಿದೆ, 1793-94, ಅಲಂಕಾರ ಅಖಂಡವಾಗಿದೆ, ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಎದುರು ಸೇನೆ ನಡೆಸಿದ್ದ ಕಾರ್ನ್‌ವಾಲಿಸನಿಗೆ ಮುಂದೆ ಅದು ಕಾಣಿಕೆಯಾಗಿ ಸಂದಿತೆಂದೂ ಹೇಳಲಾಗಿದೆ. ಹೆಸರು, ಕಾಲ, ಸ್ಥಿತಿ, ಒಡೆತನ ನಾಲ್ಕೂ ಕೂಡಿದ ವಸ್ತು ಅದು. ಹಾರ್ಟನ ಕೋವಿಯು ಒಡೆತನದಲ್ಲಿ ಅದಕ್ಕೆ ಸರಿಸಾಟಿಯಾಗಿ ನಿಂತರೂ ಸ್ಥಿತಿಯಲ್ಲಿ ಸೋಲುತ್ತದೆ. ಹಾನಿಯು ಕಥೆಗೆ ಬಲ ತಂದರೂ, ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಬೆಳ್ಳಿಯನ್ನು ಬಯಸುವ ಶ್ರೀಮಂತ ಕೊಳ್ಳುಗನಿಗೆ ಅದು ಕುಂದೇ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡರಲ್ಲಿ ಒಂದನ್ನು ಎದುರಿಗಿಟ್ಟುಕೊಂಡು ಓದಲು ಅವಕಾಶ ಸಿಕ್ಕಿದರೆ ನಾನು ಪೆಟ್ಟು ತಿಂದ ಕೋವಿಯನ್ನೇ ಆರಿಸಿಕೊಳ್ಳುತ್ತೇನೆ. ಗುಂಡು ಯಾವ ಕೋನದಿಂದ ಬಡಿದಿದೆ, ಮರ ಹೇಗೆ ಸೀಳಿದೆ, ಆಗ ಕೋವಿ ಭುಜದ ಮೇಲಿತ್ತೋ ನೆಲದ ಮೇಲಿತ್ತೋ ಎಂಬ ಪ್ರಶ್ನೆಗಳಿಗೆ ಉತ್ತರ ಅಡಗಿರುವುದು ಅಂಥ ವಸ್ತುವಿನಲ್ಲಿ.

ಹಿಂದಿರುಗಿಸುವ ಪ್ರಶ್ನೆ

ಹರಾಜಿಗೆ ಮುನ್ನ ಇಂಡಿಯಾ ಪ್ರೈಡ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ಬಳಗವು, ಇವು ಲೂಟಿಯ ವಸ್ತುಗಳಾದ್ದರಿಂದ ಮನೆಯವರು ಸ್ವಇಚ್ಛೆಯಿಂದ ಭಾರತಕ್ಕೆ ಹಿಂದಿರುಗಿಸಬೇಕೆಂದು ಕೇಳಿಕೊಂಡಿತು. ಮಾರಾಟ ನಿಲ್ಲಲಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಅನಿರೀಕ್ಷಿತವೇನೂ ಅಲ್ಲ: ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದ 1970ರದ್ದು, ಬ್ರಿಟನ್ ಅದನ್ನು ಒಪ್ಪಿಕೊಂಡದ್ದು 2002ರಲ್ಲಿ, ಮತ್ತು ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ನೈತಿಕ ಪ್ರಶ್ನೆ ಬೇರೆಯೇ. ಬ್ರಿಟನ್ ತನ್ನ ನೆಲದಲ್ಲಿರುವ ಬೆಲೆಬಾಳುವ ವಸ್ತು ಹೊರಹೋಗುವ ಸಂದರ್ಭ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಅದು ನಮ್ಮ ಚರಿತ್ರೆಗೂ ರಾಷ್ಟ್ರಜೀವನಕ್ಕೂ ನಿಕಟವಾದದ್ದೇ, ಸೌಂದರ್ಯದಲ್ಲಿ ಅಸಾಧಾರಣವೇ, ಯಾವುದಾದರೊಂದು ವಿದ್ಯಾಶಾಖೆಯ ಅಧ್ಯಯನಕ್ಕೆ ಅತಿಮುಖ್ಯವೇ. 2021ರಲ್ಲಿ ಟಿಪ್ಪುವಿನ ಸಿಂಹಾಸನದ ಹುಲಿತಲೆಗೂ 2023ರಲ್ಲಿ ಮೇಲೆ ಹೇಳಿದ ಕೋವಿಗೂ ಹೊರಹೋಗದಂತೆ ತಾತ್ಕಾಲಿಕ ತಡೆ ಬಿದ್ದದ್ದು ಈ ಪರೀಕ್ಷೆಯ ಬಲದಿಂದಲೇ. ಅದೇ ಮೂರು ಪ್ರಶ್ನೆಗಳನ್ನು ಮಂಡ್ಯ ಜಿಲ್ಲೆಯ ನೆಲದಲ್ಲಿ ನಿಂತು ಕೇಳಿದರೆ ಉತ್ತರ ಇನ್ನಷ್ಟು ಗಟ್ಟಿಯಾಗಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾರ್ಟನ ಕೋವಿಯಾದರೋ ಹರಾಜಿನಲ್ಲಿ ಮಾರಾಟವಾಗಿ ಹೋಯಿತು. ಖಾಸಗಿ ಸಂಗ್ರಹ ಸೇರಿದ ವಸ್ತುವನ್ನು ವಿದ್ವಾಂಸರು ಮತ್ತೆ ನೋಡುವುದು ಆ ಒಡೆಯನ ಮನಸ್ಸಿಗೆ ಬಿಟ್ಟದ್ದು.

ಇದಕ್ಕೆ ವ್ಯತಿರಿಕ್ತವಾದ ಒಂದು ಘಟನೆ ನಮ್ಮಲ್ಲಿಯೇ ನಡೆದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದನ್ನು ರಾಜ್ಯ ಪುರಾತತ್ವ ಇಲಾಖೆ ಅಗೆಸಿದಾಗ ಮದ್ದಿನ ವಾಸನೆಯ ಮಣ್ಣಿನೊಳಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ದೊರೆತವು. ಒಂದೊಂದೂ ಗೇಣುದ್ದಕ್ಕಿಂತ ತುಸು ಹೆಚ್ಚು. ಬೆಳ್ಳಿಯಿಲ್ಲ, ಕುಸುರಿಯಿಲ್ಲ, ಹರಾಜಿನಲ್ಲಿ ಬೆಲೆ ಬರುವ ಯಾವುದೂ ಇಲ್ಲ. ಆದರೆ ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂಬುದು ತಿಳಿದಿರುವ ಕಾರಣ, ಆ ತುಕ್ಕು ಹಿಡಿದ ಕೊಳವೆಗಳು ಮೈಸೂರಿನ ಯುದ್ಧ ತಂತ್ರಜ್ಞಾನದ ಬಗ್ಗೆ ಹೇಳುವಷ್ಟನ್ನು ಇಂಗ್ಲೆಂಡಿನ ಗಾಜಿನ ಪೆಟ್ಟಿಗೆಯೊಳಗಿನ ಕೋವಿ ಹೇಳಲಾರದು.

ನಮ್ಮ ಮನೆಗಳ ಹಳೆಯ ಕೋವಿಗಳು

ಹಾರ್ಟ್ ಮನೆತನದ ಪ್ರಕರಣವನ್ನು ಓದುವ ಕನ್ನಡಿಗರಲ್ಲಿ ಕೆಲವರಿಗಾದರೂ ತಮ್ಮ ಮನೆಯ ಅಟ್ಟ ನೆನಪಾಗಬಹುದು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಅಜ್ಜನ ಕಾಲದ ಒಂಟಿನಳಿಗೆಯ ಕೇಪಿನ ಕೋವಿ ಮೂಲೆಯಲ್ಲಿ ಒರಗಿಕೊಂಡಿರುವ ಮನೆಗಳು ಇನ್ನೂ ಇವೆ. ಕೊಡಗಿನದು ವಿಶೇಷ ಸ್ಥಿತಿ: ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಯು ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ಮನೆಯಲ್ಲಿ ಮಗು ಹುಟ್ಟಿದರೆ ಗುಂಡು ಹಾರುತ್ತದೆ. ಆದ್ದರಿಂದ ಅದನ್ನು ಸಂಗ್ರಹದ ವಸ್ತು ಎನ್ನುವುದಕ್ಕಿಂತ ಮನೆತನದ ಸದಸ್ಯನೆಂದರೆ ಹೆಚ್ಚು ಸರಿಯಾದೀತು.

ಉಳಿದ ಜಿಲ್ಲೆಗಳ ಓದುಗರು ಕಾನೂನನ್ನು ಎಚ್ಚರಿಕೆಯಿಂದ ತಿಳಿದುಕೊಳ್ಳಬೇಕು. 1959ರ ಆಯುಧ ಕಾಯ್ದೆಯ 45ನೆಯ ಕಲಮು, ಬಳಕೆ ತಪ್ಪಿದ ಮಾದರಿಯ ಅಥವಾ ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಕೆಲಸ ಮಾಡಲಾರದ್ದಾಗಿದ್ದರೆ ಅದನ್ನು ಕಾಯ್ದೆಯ ಹೊರಗಿಡುತ್ತದೆ. ಇಲ್ಲಿ 'ರಿಪೇರಿ ಮಾಡಿದರೂ' ಎಂಬ ಮಾತು ಮುಖ್ಯ. ತುಕ್ಕು ಹಿಡಿದ ಮಾತ್ರಕ್ಕೆ ಕೋವಿ ಕಾಯ್ದೆಯಿಂದ ಪಾರಾಗುವುದಿಲ್ಲ. ಕಮ್ಮಾರನ ಒಂದು ದಿನದ ಕೆಲಸದಿಂದ ಅದು ಸಿಡಿಯುವಂತಾದರೆ ಅದು ಕೋವಿಯೇ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ಪುರಾತನ ವಸ್ತುಗಳ ವರ್ಗಕ್ಕೆ ಸೇರುವ ಸಣ್ಣ ಆಯುಧಗಳನ್ನು ಪಡೆಯಲೂ ಇಟ್ಟುಕೊಳ್ಳಲೂ ಭಾರತೀಯ ನಾಗರಿಕರಿಗೆ ಲೈಸೆನ್ಸ್ ಬೇಕಿಲ್ಲವೆಂದು ಅಧಿಸೂಚನೆ ಹೊರಡಿಸಿತು. ಆದರೆ ಅವನ್ನು ಬಳಸುವುದಕ್ಕೂ ಹೊತ್ತು ತಿರುಗುವುದಕ್ಕೂ ಸಾಗಿಸುವುದಕ್ಕೂ ತಕ್ಕ ಲೈಸೆನ್ಸ್ ಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. ತಮ್ಮ ಕೋವಿ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಮನೆಯವರೇ ತೀರ್ಮಾನಿಸಿಕೊಳ್ಳದೆ, ಫೋಟೋ ಮತ್ತು ಅಳತೆಗಳೊಂದಿಗೆ ಜಿಲ್ಲಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಪಡೆಯುವುದು ಕ್ಷೇಮ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಬರುವುದರಿಂದ ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಹಾರ್ಟ್ ಮನೆಯವರು ಲಾಭ ಪಡೆದಂತೆ ನಾವೂ ಲಂಡನ್ನಿನಲ್ಲಿ ಮಾರಬಹುದೆಂಬ ಆಸೆಗೆ ಅವಕಾಶವಿಲ್ಲ.

ವಸ್ತುವನ್ನು ಹೇಗೆ ನೋಡಿಕೊಳ್ಳಬೇಕೆಂಬುದರಲ್ಲಿ ಮಾತ್ರ ಆ ಅಟ್ಟದಿಂದ ಕಲಿಯುವುದಿದೆ. ಅಲ್ಲಿ ಯಾರೂ ಕೋವಿಯನ್ನು ಉಜ್ಜಲಿಲ್ಲ. ನಮ್ಮಲ್ಲಿ ಹಳೆಯ ಕೋವಿ ಕೈಗೆ ಸಿಕ್ಕ ಕೂಡಲೇ ಹುಣಸೆಹಣ್ಣು, ಮರಳುಕಾಗದ, ವಾರ್ನಿಷ್ ಹುಡುಕುತ್ತೇವೆ. ಒಂದು ಮಧ್ಯಾಹ್ನದ ಉತ್ಸಾಹಕ್ಕೆ ನಳಿಗೆಯ ಮೇಲಿನ ಮಸುಕಾದ ಅಕ್ಷರಗಳು ಎಂದೆಂದಿಗೂ ಅಳಿಸಿಹೋಗುತ್ತವೆ. ಮೊದಲು ಮಾಡಬೇಕಾದ ಕೆಲಸ ಬೇರೆ. ಬಾಯಿಂದ ತುಂಬುವ ಕೋವಿ ಎಷ್ಟೇ ಹಳೆಯದಾಗಿರಲಿ, ಒಳಗೆ ಈಡು ಇದೆಯೆಂದೇ ಭಾವಿಸಬೇಕು. ಒಣಗಿದ ಕರಿಮದ್ದು ತಲೆಮಾರುಗಳ ನಂತರವೂ ಸಿಡಿಯಬಲ್ಲದು. ನಳಿಗೆಯ ಬಾಯಿಗೆ ಮುಖವನ್ನಾಗಲಿ ಕೈಯನ್ನಾಗಲಿ ಒಡ್ಡದೆ, ಕುದುರೆಯನ್ನು ಮುಟ್ಟದೆ, ಒಂದು ಮರದ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಬಿಟ್ಟು ಗುರುತು ಮಾಡಿಕೊಂಡು, ಅದೇ ಕಡ್ಡಿಯನ್ನು ಹೊರಗಡೆಯಿಂದ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಕಡ್ಡಿಯ ತುದಿಯು ಬುಡದ ಕಿಡಿರಂಧ್ರದವರೆಗೆ ಬಾರದೆ ಎರಡು ಮೂರು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ತೆಗೆಯುವ ಸಾಹಸಕ್ಕೆ ಇಳಿಯದೆ ಪೊಲೀಸರಿಗೆ ತಿಳಿಸಬೇಕು. ಕೋವಿಯ ಜೊತೆ ಸಿಕ್ಕಿದ ಮದ್ದಿನ ಕೊಂಬು, ಕೇಪಿನ ಡಬ್ಬಿಗಳ ವಿಷಯದಲ್ಲಿಯೂ ಹೀಗೆಯೇ ನಡೆದುಕೊಳ್ಳಬೇಕು.

ಖಾಲಿಯೆಂದು ಖಚಿತವಾದ ಮೇಲೆ ಹತ್ತಿಯ ಕೈಗವಸು ಹಾಕಿಕೊಂಡು, ಏಕೆಂದರೆ ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಮೃದುವಾದ ಕುಂಚದಿಂದ ಧೂಳು ಕೊಡವಿ, ಅಡ್ಡಬೆಳಕಿನಲ್ಲಿ ಪ್ರತಿಯೊಂದು ಗುರುತಿನ ಫೋಟೋ ತೆಗೆಯಬೇಕು. ಮಲೆನಾಡಿನ ಮಳೆಗಾಲದ ತೇವ ಕಬ್ಬಿಣಕ್ಕೂ ಮರಕ್ಕೂ ಶತ್ರು. ಗೋಡೆಗೆ ಒರಗಿಸದೆ, ಗಾಳಿಯಾಡುವ ಒಣ ಜಾಗದಲ್ಲಿ ಅಡ್ಡವಾಗಿ ಇಡಬೇಕು. ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರದು, ಎಲ್ಲಿಂದ ಬಂತು, ಯಾರು ಯಾವ ಕಾಡಿಗೆ ಒಯ್ದಿದ್ದರು, ರಿಪೇರಿ ಮಾಡಿದ ಕಮ್ಮಾರ ಯಾವ ಊರಿನವನು ಎಂಬುದನ್ನು ಅವರು ಹೇಳಿದಂತೆಯೇ ಬರೆದುಕೊಂಡು, ಹೇಳಿದವರ ಹೆಸರು, ವಯಸ್ಸು, ಬರೆದ ತಾರೀಕು ಹಾಕಿ, ಒಂದು ಪ್ರತಿಯನ್ನು ಕೋವಿಯ ಜೊತೆಗೂ ಇನ್ನೊಂದನ್ನು ಮನೆಯ ಪತ್ರಗಳ ಪೆಟ್ಟಿಗೆಯಲ್ಲಿಯೂ ಇಡಬೇಕು. ಮೇಜರ್ ಹಾರ್ಟ್ ಬರೆದಿಡಬಹುದಾಗಿದ್ದದ್ದು ಇಷ್ಟೇ, ಅರ್ಧ ಪುಟ. ಆ ಅರ್ಧ ಪುಟ ಇದ್ದಿದ್ದರೆ ಅವನ ಕೋವಿ 1799ರ ಮೇ 4ರಂದು ಯಾರ ಕೈಯಲ್ಲಿತ್ತೆಂಬುದು ಇಂದು ಊಹೆಯಾಗಿ ಉಳಿಯುತ್ತಿರಲಿಲ್ಲ.